ಧಾರೆ ಸೀರೆ ಆರಿಸಿದಾಕೆ

ಹೋದ ತಿಂಗಳು ನಮ್ಮ ಓಣಿಯವರ ಮದುವೆ ಜವಳಿಗೆಂದು ದಾವಣಗೆರೆಗೆ ಹೋಗಿದ್ದೆ. ಅಂಗಡಿಯವನು ಗಾದಿಯ ಮೇಲೆ ರೇಷ್ಮೆ ಸೀರೆಯೊಂದನ್ನು ಹಾಕಿ ಮಡಿಕೆ ಬಿಚ್ಚಿದ. ಒಳಗಿಂದ ಹೊಸ ರೇಷ್ಮೆಯ ವಾಸನೆ ಎದ್ದಿತು. ಸ್ವಲ್ಪ ಗಂಜಿ, ಸ್ವಲ್ಪ ಬಣ್ಣ, ಸ್ವಲ್ಪ ಒಣಗಿದ ಹೂವಿನಂಥದ್ದು. ಜೊತೆಗಿದ್ದವರು ಅಂಚು ನೋಡುತ್ತಿದ್ದರು, ದರ ಕೇಳುತ್ತಿದ್ದರು. ನಾನು ಮಾತ್ರ ಅಲ್ಲಿರಲಿಲ್ಲ. ಹರಿಹರದ ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ, ಗಿರಿಜಕ್ಕನ ಕೆಂಪು ಸೂಟ್‌ಕೇಸಿನ ಮುಂದೆ ಮಂಡಿಯೂರಿ ಕೂತಿದ್ದೆ.

ಅದು ನನ್ನ ಮದುವೆಯ ವರ್ಷ, ತೊಂಬತ್ತೊಂಬತ್ತು. ಆ ಸಲ ಮಾಘದ ಚಳಿ ಬಹಳ ದಿನ ಉಳಿದಿತ್ತು. ಬೆಳಗಾದರೆ ತುಂಗಭದ್ರೆಯ ಮೇಲೆ ಮಂಜು ಕೂತಿರುತ್ತಿತ್ತು. ಸೇತುವೆ ಕಾಣುತ್ತಿರಲಿಲ್ಲ. ಅದರ ಮೇಲೆ ಹೋಗುವ ಲಾರಿಗಳ ಸದ್ದು ಮಾತ್ರ ಆಕಾಶದಲ್ಲಿ ಯಾವುದೋ ದಾರಿ ಇದ್ದಂತೆ ಮೇಲಿನಿಂದ ಹಾದುಹೋಗುತ್ತಿತ್ತು. ಅಂಥ ಒಂದು ಬೆಳಿಗ್ಗೆ ಓಣಿಯ ತುದಿಯಲ್ಲಿ ಆಟೋ ನಿಂತಿತು. ಮಂಜಿನೊಳಗಿಂದ ಮೊದಲು ಕೆಂಪು ಸೂಟ್‌ಕೇಸು ಕಂಡಿತು, ಆಮೇಲೆ ಅಕ್ಕ ಕಂಡಳು. ಹಣೆಯ ತುಂಬ ವಿಭೂತಿ, ಮೈಮೇಲೆ ನಾನು ಎಂದೂ ನೋಡದ ಉಣ್ಣೆಯ ಅಂಗಿ, ಕಾಲಲ್ಲಿ ಅದೇ ಹಳೆಯ ಹವಾಯಿ ಚಪ್ಪಲಿ.

ಗಿರಿಜಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅಪ್ಪ ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿತು, ಅದರ ಹಿಂದೆಯೇ ಅಪ್ಪನೂ ಹೋದರು. ಅಕ್ಕನ ಗಂಡ ಮದುವೆಯಾದ ಎರಡನೇ ವರ್ಷಕ್ಕೆ ಕಾಮಾಲೆಯಿಂದ ತೀರಿಕೊಂಡ. ಅಕ್ಕ ತವರಿಗೆ ಬಂದು, ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ, ಪಿ.ಜೆ. ಬಡಾವಣೆಯ ಗುಜರಾತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅವರ ನೆಂಟರು ದುಬೈಯಲ್ಲಿದ್ದರು. ಅಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬಳನ್ನು ನೋಡಿಕೊಳ್ಳಲು ಜನ ಬೇಕೆಂದಾಗ ಅಕ್ಕ ಒಪ್ಪಿದಳು. ನಮ್ಮ ಓಣಿಯಿಂದ ವಿಮಾನ ಹತ್ತಿದ ಮೊದಲ ಹೆಂಗಸು ಅವಳು. ಅವಳು ಕಳಿಸಿದ ದುಡ್ಡಿನಲ್ಲೇ ನಾನು ಉಂಡೆ, ಉಟ್ಟೆ. ಓದು ಮಾತ್ರ ನನಗೆ ಹತ್ತಲಿಲ್ಲ, ಏಳನೇ ಕ್ಲಾಸಿಗೆ ಬಿಟ್ಟೆ.

ಮಲೆಬೆನ್ನೂರಿನ ಸಂಬಂಧ ಕುದುರಿದಾಗ ಎಸ್‌ಟಿಡಿ ಬೂತಿಗೆ ಅಕ್ಕನ ಫೋನು ಬಂತು. ಅದಕ್ಕೂ ಸ್ವಲ್ಪ ದಿನ ಮೊದಲು ಎದುರು ಮನೆಯ ಪರ್ವೀನಳ ಮದುವೆಗೆ ಅವಳ ಅಣ್ಣ ಸೌದಿಯಿಂದ ಮಿರಿಮಿರಿ ಮಿಂಚುವ ಬಟ್ಟೆ ತಂದಿದ್ದ. ಅದನ್ನು ನೋಡಿದ ಮೇಲೆ ನನ್ನ ತಲೆ ನೆಟ್ಟಗಿರಲಿಲ್ಲ.

"ಅಕ್ಕ, ನನ್ನ ಧಾರೆ ಸೀರೆನ ಅಲ್ಲಿಂದ್ಲೇ ತಗಂಬಾ."

"ಹುಚ್ಚಿ ಶಾಂತಿ, ಸೀರೆ ಅಲ್ಲಿಂದ ಇಲ್ಲಿಗೆ ಬರ್ತಾವೆ. ಇಲ್ಲೇನು ಮರಳಿನಾಗೆ ರೇಷ್ಮೆಹುಳ ಸಾಕ್ತಾರೇನೇ?"

"ಇರ್ಲಿ. ದುಬೈ ಸೀರೆ ಅಂತ ಹೇಳ್ಕೆಬೇಕು ನಾನು."

ಅಕ್ಕ ನಕ್ಕಳು. ಸಮುದ್ರದ ಆಚೆಯಿಂದ ಬಂದ ಆ ನಗು ತಂತಿಯಲ್ಲಿ ಸ್ವಲ್ಪ ತಡವಾಗಿ ಕೇಳಿತು.

ಧಾರೆ ಸೀರೆ ಕೊಡುವುದು ಗಂಡಿನ ಕಡೆಯವರ ಹಕ್ಕು. ನನ್ನ ಅತ್ತೆಯಾಗುವವರು ಗಂಗಮ್ಮ, ಗದ್ದೆ ಮನೆಯ ಹೆಂಗಸು, ಗಟ್ಟಿ ಗಂಟಲು. ಮಾತುಕತೆಯ ದಿನ ಅವರು, "ದುಬೈ ಸೀರೆ ಬರ್ತೈತೆ ಅಂದ್ರೆ ಬರ್ಲಿ ಬಿಡ್ರಿ. ನಾವು ಅರಿಷಿಣದ ಸೀರೆ ತರ್ತೀವಿ" ಎಂದು ಬಿಟ್ಟುಕೊಟ್ಟಿದ್ದರು. ಒಳಗೊಳಗೇ ಅವರಿಗೂ ಆಸೆಯಿತ್ತೆಂದು ಕಾಣುತ್ತದೆ.

ಅಕ್ಕ ಸೂಟ್‌ಕೇಸು ತೆರೆದಾಗ ಮನೆಯ ವಾಸನೆಯೇ ಬದಲಾಯಿತು. ಸೋಪು, ಅತ್ತರು, ಹಾಲಿನ ಪುಡಿಯ ಡಬ್ಬಿ, ಅವುಗಳ ಕೆಳಗೆ ಬಿಳಿ ಪಂಚೆಯಲ್ಲಿ ಸುತ್ತಿದ ಸೀರೆ. ಗಿಣಿ ಹಸಿರಿನ ಒಡಲು, ಕೆಂಪು ಅಂಚು, ಸೆರಗಿನ ತುಂಬ ಜರಿ. ಕಂಚಿಯಲ್ಲಿ ನೇಯ್ದದ್ದು, ಹಡಗೋ ವಿಮಾನವೋ ಹತ್ತಿ ಅಷ್ಟು ದೂರ ಹೋಗಿ, ಅಕ್ಕನ ಸೂಟ್‌ಕೇಸಿನಲ್ಲಿ ತಿರುಗಿ ಬಂದಿತ್ತು. ಬಾಗಿಲಿನಿಂದ ಬಿದ್ದ ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಹಸಿರು ಬೆಳಕು ನೀರಿನಂತೆ ಅಲುಗಾಡಿತು. ಅವ್ವ ಮುಟ್ಟಲು ಹೆದರಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮದುವೆಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಒಗೆಯಬೇಕು. ಒಂದು ಮಧ್ಯಾಹ್ನ ಅಕ್ಕನೂ ನಾನೂ ಹೊಳೆಗೆ ಹೋದೆವು. ನೀರು ಇಳಿದು ಬಂಡೆಗಳು ಎದ್ದಿದ್ದವು. ಬಣ್ಣಬಣ್ಣದ ಕೌದಿಗಳನ್ನು ಬಂಡೆಯ ಮೇಲೆ ಹರವಿ, ಕಾಲನ್ನು ನೀರಿಗೆ ಬಿಟ್ಟು ಕೂತೆವು. ಆಚೆ ದಡ ಬಿಸಿಲಿನಲ್ಲಿ ಕರಗಿದಂತೆ ಕಾಣುತ್ತಿತ್ತು. ಆಗ ಅಕ್ಕ ಆ ಸೀರೆ ತಂದ ಕತೆ ಹೇಳಿದಳು.

"ಶುಕ್ರವಾರ ಮಧ್ಯಾಹ್ನ ನನಗೆ ಬಿಡುವು. ಅಜ್ಜಿನ ಸೊಸೆ ನೋಡ್ಕೆಂತಾಳೆ. ದೋಣಿ ಹತ್ತಿ ಆಚೆ ದಡಕ್ಕೆ ಹೋಗೋದು. ನಮ್ಮ ಹೊಳೆ ಇದ್ದಂಗೇ ಐತೆ, ನೀರು ಮಾತ್ರ ಉಪ್ಪು. ಆಚೆಗೆ ಒಂದು ಬೀದಿಗೆ ಬೀದಿನೇ ಸೀರೆ ಅಂಗಡಿ. ದಾವಣಗೆರೆ ಚೌಕಿಪೇಟೆನ ಯಾರೋ ಎತ್ತಿ ಗಾಜಿನ ಪೆಟ್ಟಿಗೆಯಾಗೆ ಇಟ್ಟಂಗೆ."

"ಒಬ್ಳೇ ಹೋಗ್ತಿದ್ಯಾ?"

"ಮತ್ಯಾರು ಬರ್ತಾರೆ? ಮೊದಲ್ನೇ ದಿನ ಅಂಗಡಿ ಬಾಗಿಲತ್ರ ನಿಂತುಬಿಟ್ಟೆ. ಬರಿ ಹಣೆಯಾಗೆ ನಿನ್ನ ಧಾರೆ ಸೀರೆ ಹೆಂಗೆ ಮುಟ್ಲಿ ಅನ್ನಿಸ್ತು. ನಿನಗೇನಾರ ಆದ್ರೆ? ಪಕ್ಕದ ಅಂಗಡಿಯಾಗೆ ಬೊಟ್ಟಿನ ಹಾಳೆ ತಗಂಡು, ಗಾಜಿನಾಗೆ ನೋಡ್ಕೆಂಡು, ವಿಭೂತಿ ಕೆಳಗೆ ಒಂದು ಅಂಟಿಸ್ಕೆಂಡೆ. ಕೆಂಪುಂದು, ಇಷ್ಟಗಲ."

ಆ ಮಾತು ನನಗಾಗಲಿ ಅವ್ವನಿಗಾಗಲಿ ಹೊಳೆದೇ ಇರಲಿಲ್ಲ. ಹೊಳೆದದ್ದು ಅವಳೊಬ್ಬಳಿಗೆ.

"ಒಳಗೆ ಕೇರಳದೋನು ಒಬ್ಬ. ಸೆರಗು ಬಿಚ್ಚಿ ನನ್ನ ಹೆಗಲ ಮ್ಯಾಲೇ ಹಾಕ್ದ. ಎದುರಿಗೆ ಆಳೆತ್ತರದ ಕನ್ನಡಿ. 'ಮದುಮಗಳು ನೀವೇನಾ' ಅಂತ ಹಿಂದಿಯಾಗೆ ಕೇಳ್ದ."

"ನೀನೇನಂದೆ?"

ಅಕ್ಕ ನೀರಿನಲ್ಲಿ ಕಾಲು ಆಡಿಸಿದಳು. "ಹೂಂ ಅಂದೆ."

"ಕಳ್ಳಿ! ಮುದುಕಿ ಮದುಮಗಳು!"

"ಯಾರೇ ಮುದುಕಿ? ಆತನೇ ಕೇಳಿದ್ನಲ್ಲ!" ಎಂದು ನನ್ನ ಮುಖಕ್ಕೆ ನೀರು ಎರಚಿದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ದನಿ ಇಳಿಸಿದಳು. "ಆವತ್ತು ತಗಳ್ಳಿಲ್ಲ. ಮನೆಯಾಗೆ ಕೇಳ್ಕೆಂಡು ಬರ್ತೀನಿ ಅಂತ ಸುಳ್ಳು ಹೇಳಿ ಬಂದೆ. ಮುಂದಿನ ಶುಕ್ರವಾರ ಮತ್ತೆ ಹೋದೆ. ಆಮೇಲಿಂದು ಶುಕ್ರವಾರನೂ. ತಗಂಡುಬಿಟ್ರೆ ಮತ್ತೆ ಹೋಗಂಗಿಲ್ಲವಲ್ಲ? ಆ ಕನ್ನಡಿಯಾಗೆ ಇದ್ದೋಳು ಯಾರೋ ಬ್ಯಾರೇನೇ, ಶಾಂತಿ. ಬಾಳ ಚಂದ ಇದ್ಲು." ಕೌದಿಯ ಅಂಚು ಸರಿಮಾಡುತ್ತ, "ಯಾರ ಮುಂದೂ ಹೇಳಬ್ಯಾಡ" ಎಂದಳು.

ಹೇಳುವುದಿಲ್ಲ ಎಂದು ಅವಳ ಕೈ ಮೇಲೆ ಕೈ ಇಟ್ಟೆ. ಆ ಮಧ್ಯಾಹ್ನವನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಕೌದಿಗಳು ಒಣಗುತ್ತಿದ್ದವು, ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು, ಅಕ್ಕನ ಹಣೆಯಲ್ಲಿ ವಿಭೂತಿಯ ಕೆಳಗೆ ಕಾಣದ ಒಂದು ಬೊಟ್ಟು ಇದ್ದಂತೆ ನನಗೆ ತೋರುತ್ತಿತ್ತು.

ನಮ್ಮ ಕಡೆ ಮದುವೆಯ ಜವಳಿಯನ್ನು ಎರಡೂ ಮನೆಯವರು ಕೂಡಿ ತೆಗೆಯಬೇಕು. ಮೊದಲ ಸೀರೆಗೆ ಕೈ ಹಾಕುವವಳು ಮುತ್ತೈದೆಯಾಗಿರಬೇಕು. ಮನೆಗೆ ತಂದ ಮೇಲೆ ಎಲ್ಲವನ್ನೂ ದೇವರ ಮುಂದಿಟ್ಟು ಮುತ್ತೈದೆಯರು ಅಂಚಿಗೆ ಅರಿಷಿಣ ಕುಂಕುಮ ಹಚ್ಚಬೇಕು. ನಾವು ಲಿಂಗ ಕಟ್ಟಿದವರು, ಗಂಡ ಸತ್ತವಳೆಂದು ದೂರ ಇಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಮಠದ ಅಯ್ಯನವರು ಹೇಳುತ್ತಿದ್ದರು. ಆದರೆ ಧಾರೆ ಸೀರೆಯ ಮಾತು ಬಂದಾಗ ಯಾರೂ ಅಯ್ಯನವರನ್ನು ಕೇಳುತ್ತಿರಲಿಲ್ಲ.

ಜವಳಿಯ ದಿನ ಎಲ್ಲರೂ ದಾವಣಗೆರೆಗೆ ಹೋದೆವು, ಅಕ್ಕನ ಹೊರತು. "ಅಡಿಗೆ ಯಾರು ನೋಡ್ತಾರೆ, ನೀವು ಹೋಗ್ಬರ್ರಿ" ಎಂದು ಅವಳೇ ಉಳಿದಳು. ಚೌಕಿಪೇಟೆಯಲ್ಲಿ ಗಾದಿಯ ಮೇಲೆ ಕೂತು, ಕಾಫಿ ಕುಡಿದು, ಜಗಳವಾಡಿ, ಸಂಜೆಗೆ ಗಂಟು ಹೊತ್ತು ಹರಿಹರಕ್ಕೆ ಬಂದೆವು. ಗಂಗಮ್ಮ ಚಾಪೆಯ ಮೇಲೆ ಎಲ್ಲವನ್ನೂ ಹರವಿಸಿದರು. ನಡುವೆ ದುಬೈ ಸೀರೆ. ಅವರು ಅದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು.

"ಏನ್ ನುಣುಪು ಐತ್ರಿ! ನಮ್ಮ ದೇಶದ ಸೀರೆನ ಹೊರದೇಶಕ್ಕೆ ಹೋಗಿ ತಂದ್ರಿ ಅಂದ್ರೆ ನಗ್ತಾರೆ ಅಂತಿದ್ದೆ. ಈ ಬಣ್ಣ ಇಲ್ಲಿ ಸಿಕ್ಕಂಗಿಲ್ಲ ಬಿಡ್ರಿ." ಹಾಗೆಂದವರು ಕುಂಕುಮದ ಬಟ್ಟಲಿಗೆ ಬೆರಳು ಅದ್ದಿ, ಅಂಚಿನ ಹತ್ತಿರ ತಂದು, ನಿಲ್ಲಿಸಿದರು. "ಅದು ಸರಿ, ಕೈಯಾರೆ ಆರಿಸಿದ್ದು ಯಾರು?"

ಅವ್ವ "ಅದು… ನಮ್ಮ…" ಎಂದು ತಡವರಿಸಿದಳು. ಅಡುಗೆಮನೆ ಬಾಗಿಲಲ್ಲಿ ಅಕ್ಕ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಗಂಗಮ್ಮನ ಬೆರಳ ತುದಿಯ ಕುಂಕುಮ ಚಾಪೆಯ ಮೇಲೆ ಸಣ್ಣಗೆ ಉದುರುತ್ತಿತ್ತು. ಆ ಬೆರಳು ಹಿಂದೆ ಹೋದರೆ ಸೀರೆ ಹೋಗುತ್ತದೆ, ಸೀರೆಯ ಹಿಂದೆ ಮದುವೆಯೂ ಹೋಗಬಹುದು ಎಂದು ನನಗನ್ನಿಸಿತು. ಯಾರೂ ಕೇಳದಿದ್ದರೂ ನಾನೇ ಬಾಯಿ ತೆರೆದೆ.

"ಅಕ್ಕ ಇರೋ ಮನೆ ಪಕ್ಕದಾಗೆ ಹುಬ್ಬಳ್ಳಿ ಕಡೆ ಅಮ್ಮಾರು ಒಬ್ರು ಅದಾರ್ರಿ. ಅವ್ರೇ ಹೋಗಿ ಆರಿಸಿದ್ದು. ಅಕ್ಕ ಬರೇ ಹೊತ್ಕಂಡು ಬಂದಾಳೆ."

"ಹಂಗಾ? ಗಂಡ ಮಕ್ಳು ಅದಾರಾ?"

"ಅದಾರ್ರಿ. ಎರಡು ಗಂಡ್ಮಕ್ಳು."

"ಲಕ್ಷಣವಾಗಿ ಅದಾಳಾ ಹೆಣ್ಮಗಳು?"

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಗಟ್ಟಿಯಾಗಲು ಅದಕ್ಕೊಂದು ಮುಖ ಬೇಕಿತ್ತು, ನನ್ನ ಹತ್ತಿರ ಇದ್ದದ್ದು ಒಂದೇ ಮುಖ. "ಇಷ್ಟಗಲ ಕೆಂಪು ಬೊಟ್ಟು ಇಡ್ತಾರಂತೆ" ಎಂದೆ. "ಸೆರಗು ಹೆಗಲ ಮ್ಯಾಲೆ ಹಾಕ್ಕೆಂಡು ಕನ್ನಡಿ ಮುಂದೆ ನಿಂತ್ರೆ, ಅಂಗಡಿಯೋನೇ ಕೇಳಿದ್ನಂತ್ರಿ, ಮದುಮಗಳು ನೀವೇನಾ ಅಂತ."

ಹೆಂಗಸರೆಲ್ಲ ನಕ್ಕರು. ನಾನು ಬಾಗಿಲ ಕಡೆ ನೋಡಲಿಲ್ಲ. ಲೋಟಗಳು ಒಂದಕ್ಕೊಂದು ತಾಗಿದ ಸಣ್ಣ ಸದ್ದು ಕೇಳಿತು, ಅಷ್ಟೆ. ಅಕ್ಕ ನಡೆದು ಬಂದು ಒಬ್ಬೊಬ್ಬರಿಗೂ ಕಾಫಿ ಕೊಟ್ಟಳು. ಗಂಗಮ್ಮ ಲೋಟ ತೆಗೆದುಕೊಳ್ಳುತ್ತ ಕೇಳಿದರು, "ಹೌದೇನಮ್ಮ?"

"ಹೌದ್ರಿ" ಎಂದಳು ಅಕ್ಕ. "ಬಾಳ ಚಂದ ಅದಾರೆ ಅಮ್ಮಾರು."

ಗಂಗಮ್ಮ ಅಂಚಿಗೆ ಕುಂಕುಮ ಹಚ್ಚಿದರು.

ಆಮೇಲಿನ ದಿನಗಳು ಕನಸಿನಲ್ಲಿ ನಡೆದ ಹಾಗೆ ಹೋದವು. ಚಪ್ಪರ, ಹಸಿ ಮಾವಿನೆಲೆ, ಅರಿಷಿಣ ಅರೆಯುವ ಸದ್ದು, ಯಾರ್ಯಾರದೋ ಮಕ್ಕಳು. ಅಕ್ಕ ಎಂದಿನಂತೆ ಓಡಾಡುತ್ತಿದ್ದಳು, ನನ್ನ ಜಡೆ ಹಾಕುತ್ತಿದ್ದಳು. ಹೊಳೆಯ ಮಾತು, ಜವಳಿಯ ದಿನದ ಮಾತು ಎರಡನ್ನೂ ಎತ್ತಲಿಲ್ಲ. ಅವಳು ಸಿಟ್ಟಾಗಿದ್ದರೆ ನಾನು ಕಾಲು ಹಿಡಿಯುತ್ತಿದ್ದೆನೋ ಏನೋ. ಅವಳು ಸಿಟ್ಟಾಗಲಿಲ್ಲ. ನಾನು ಅದನ್ನೇ ಕ್ಷಮೆ ಎಂದುಕೊಂಡು ಹಗುರಾದೆ.

ಧಾರೆಯ ಬೆಳಿಗ್ಗೆ ಕೋಣೆಯಲ್ಲಿ ನಾನೊಬ್ಬಳೇ ಇದ್ದಾಗ ಅಕ್ಕ ಬಂದು ಬಾಗಿಲಲ್ಲಿ ನಿಂತಳು. "ನೆರಿಗೆ ನಾನು ಹಿಡೀಲಾ? ಅದು ಬಾಳ ಜಾರ್ತೈತೆ. ನನಗೆ ರೂಢಿ ಐತೆ." ಅವಳಿಗೆ ಆ ಸೀರೆಯ ರೂಢಿ ಎಲ್ಲಿ ಆಯಿತೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಿತ್ತು? ನಾನು, "ಅತ್ತೆ ಬರೋ ಹೊತ್ತು ಅಕ್ಕ" ಎಂದೆ. ಅವಳು "ಹೌದಲ್ಲ" ಎಂದು ಉಗ್ರಾಣದ ಕಡೆ ಹೋದಳು. ಅಕ್ಕಿ ಬೆಲ್ಲ ಅಳೆದು ಕೊಡುವ ಕೆಲಸ ಅವಳದಾಗಿತ್ತು. ಅಕ್ಷತೆ ಬೀಳುವಾಗ ನಾನು ತಲೆ ಎತ್ತಿ ಹುಡುಕಿದೆ. ಅಷ್ಟು ಮುಖಗಳಲ್ಲಿ ಅವಳದಿರಲಿಲ್ಲ. ಎಲ್ಲರೂ ನನ್ನನ್ನು ನೋಡಿ ಏನು ಚಂದ, ಏನು ಕಳೆ ಎನ್ನುತ್ತಿದ್ದರು. ಹಸಿರು ಒಡಲು ನನ್ನ ಸುತ್ತ ನೀರಿನಂತೆ ತಣ್ಣಗೆ ಇತ್ತು. ಕನ್ನಡಿಯಲ್ಲಿದ್ದ ಇನ್ನೊಬ್ಬಳ ಜಾಗದಲ್ಲಿ ನಿಂತಿದ್ದೇನೆ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಓಲಗ ಜೋರಾಯಿತು.

ಆ ಹುಬ್ಬಳ್ಳಿ ಕಡೆಯ ಅಮ್ಮಾರು ಆಮೇಲೆ ನಮ್ಮ ಮನೆಯಲ್ಲಿ ಬೆಳೆದರು. ಅತ್ತೆ ಊರೆಲ್ಲ ಅವರ ವಿಷಯ ಹೇಳಿದರು. ನನ್ನ ನಾದಿನಿಯ ಮದುವೆಗೆ, "ಆ ಅಮ್ಮಾರ ಕೈಯಿಂದ್ಲೇ ಒಂದು ಸೀರೆ ಆರಿಸಿ ಕಳ್ಸು ಅಂತ ನಿಮ್ಮಕ್ಕಗೆ ಹೇಳು" ಎಂದರು. ನಾನು ಫೋನಿನಲ್ಲಿ ಹೇಳಿದೆ. ಅಕ್ಕ, "ಹೇಳ್ತೀನಿ ಅಮ್ಮಾರಿಗೆ" ಎಂದಳು. ಒಂದು ಚೂರೂ ವ್ಯಂಗ್ಯವಿಲ್ಲದ ದನಿ. ನೇರಳೆ ಬಣ್ಣದ ಸೀರೆ ಬಂತು. ಈಗ ಅತ್ತೆಗೆ ಕಣ್ಣು ಮಂಜಾಗಿದೆ, ಆದರೂ ಒಮ್ಮೊಮ್ಮೆ, "ಆಕೆ ಇನ್ನೂ ಅದಾಳಾ?" ಎಂದು ಕೇಳುತ್ತಾರೆ. ಅದಾರೆ ಎನ್ನುತ್ತೇನೆ. ದುಬೈಯ ಅಜ್ಜಿ ತೀರಿಕೊಂಡ ಮೇಲೆ ಅಕ್ಕ ಹರಿಹರಕ್ಕೆ ಬಂದು ಸಣ್ಣ ಮೆಸ್ ನಡೆಸುತ್ತಿದ್ದಾಳೆ. ವಾರಕ್ಕೊಮ್ಮೆ ಹೋಗುತ್ತೇನೆ. ಉಪ್ಪಿನಕಾಯಿಯ ಮಾತು, ಮೊಣಕಾಲು ನೋವಿನ ಮಾತು, ಎಲ್ಲ ಆಡುತ್ತೇವೆ. ಅದೊಂದನ್ನು ಬಿಟ್ಟು.

ಸುಳ್ಳು ಹೇಳಿದ ದಿನ ನನಗೆ ಭಯವಿತ್ತು, ನೆರಿಗೆಯ ದಿನ ಅವಸರವಿತ್ತು ಎಂದು ನನಗೆ ನಾನೇ ಹೇಳಿಕೊಳ್ಳಬಲ್ಲೆ. ಅಕ್ಕ ತಿರುಗಿ ಹೊರಟ ದಿನಕ್ಕೆ ಮಾತ್ರ ಯಾವ ನೆಪವೂ ಸಿಗುವುದಿಲ್ಲ.

ರಜೆ ಇನ್ನೂ ಉಳಿದಿದ್ದರೂ ಅಕ್ಕ ಹೊರಟುಬಿಟ್ಟಳು. ದಾವಣಗೆರೆಯಿಂದ ಮುಂಬೈಗೆ ಹೋಗುವ ಬಸ್ಸು, ಸಂಜೆ ಐದರ ಸುಮಾರು. ನಾನೂ ನನ್ನ ಗಂಡನೂ ಮಲೆಬೆನ್ನೂರಿನಿಂದ ಬಂದಿದ್ದೆವು. ದಾರಿಯುದ್ದಕ್ಕೂ ಕಾಲುವೆಯ ನೀರು ತುಂಬಿದ ಗದ್ದೆಗಳು, ಎಳೆ ಪೈರಿನ ಮೇಲೆ ಬಿಸಿಲು. ಚಳಿ ಹೋಗಿ ಗಾಳಿ ಬೆಚ್ಚಗಾಗಿತ್ತು. ಅತ್ತೆ ಹಳದಿ ಬಟ್ಟೆಯಲ್ಲಿ ಒಂದು ಗಂಟು ಕಟ್ಟಿ ಕೊಟ್ಟಿದ್ದರು. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಗಂಡ ಅವಳಿಗೆ ನೀರಿನ ಬಾಟಲಿ ತರಲು ಹೋದ. ನಾನು ಕಿಟಕಿಯಿಂದ ಗಂಟು ಕೊಟ್ಟೆ.

"ಇದೇನೇ?"

"ಅತ್ತೆ ಕೊಟ್ಟಾರೆ. ಆ ಅಮ್ಮಾರಿಗಂತೆ."

"ಯಾವ ಅಮ್ಮಾರು?" ಎಂದವಳಿಗೆ ಅಷ್ಟರಲ್ಲೇ ಅರ್ಥವಾಯಿತು. ಮಡಿಲಲ್ಲಿಟ್ಟುಕೊಂಡು ಗಂಟು ಬಿಚ್ಚಿದಳು. ಕುಪ್ಪಸದ ಕಣ, ಅರಿಷಿಣದ ಕೊಂಬು, ಕುಂಕುಮದ ಪೊಟ್ಟಣ, ಹಸಿರು ಗಾಜಿನ ಬಳೆಗಳು. ಮುತ್ತೈದೆಗೆ ಉಡಿ ತುಂಬುವ ಸಾಮಾನು. ಅಕ್ಕ ಒಂದು ಬಳೆಯ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ನೋಡಿ, ದಾರಿ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು.

"ಇವನ್ನ ನಾನೇನು ಮಾಡ್ಲಿ ಶಾಂತಿ?"

ನೀನೇ ತೊಟ್ಕ ಅಕ್ಕ, ಇವು ನಿನ್ನವೇ. ಇಷ್ಟೇ ಹೇಳಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಮದುವೆ ಮುಗಿದಿತ್ತು, ನನ್ನಿಂದ ಯಾರೂ ಏನನ್ನೂ ಕಿತ್ತುಕೊಳ್ಳುವಂತಿರಲಿಲ್ಲ. ಹೇಳಲೆಂದು ಕಿಟಕಿಯ ಹತ್ತಿರ ಸರಿದೆ. ಅಷ್ಟರಲ್ಲಿ ಬಸ್ಸುಗಳ ನಡುವಿನಿಂದ ನನ್ನ ಗಂಡ ಬಾಟಲಿ ಹಿಡಿದು ಬರುವುದು ಕಂಡಿತು. ಕೇಳಿಸಿಕೊಂಡರೆ ಅತ್ತೆಗೆ ಹೇಳಬಹುದು ಎಂದುಕೊಂಡೆ. ಡ್ರೈವರು ಬಸ್ಸು ಚಾಲು ಮಾಡಿದ. ಅಕ್ಕ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹುಷಾರು ಅಕ್ಕ" ಎಂದೆ. "ಬಳೆ ಒಡದಾವು."

ಅಕ್ಕ ತಲೆಯಾಡಿಸಿದಳು. ಗಂಟನ್ನು ಮತ್ತೆ ಕಟ್ಟಿ, ಮೇಲಿನ ಹಲಗೆಗೆ ಇಡದೆ, ಮಡಿಲಲ್ಲೇ ಎರಡೂ ಕೈಯಿಂದ ಹಿಡಿದುಕೊಂಡಳು.